ಹುಣಸೆಹಣ್ಣಿನಲ್ಲಿ ಉಜ್ಜಿದ ರಿವಾಲ್ವರ್

೧೯೯೭ರ ಅಕ್ಟೋಬರ್ ತಿಂಗಳು. ಸೈನ್ಯದಲ್ಲಿ ಹದಿನೇಳು ವರ್ಷ ಆರ್ಮರರ್, ಅಂದರೆ ಆಯುಧಗಳ ದುರಸ್ತಿಗಾರನಾಗಿದ್ದು ನಿವೃತ್ತನಾದ ನಾನು ಹಾಸನದಲ್ಲಿ ಬಂದೂಕು ರಿಪೇರಿ ಅಂಗಡಿ ತೆರೆದು ಆಗ ನಾಲ್ಕನೆಯ ವರ್ಷ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಲೈಸೆನ್ಸ್ ಇದ್ದವರ ಕೋವಿಗಳು ನನ್ನಲ್ಲಿಗೆ ಬರುತ್ತಿದ್ದವು. ನಾನು ಸ್ವಲ್ಪ ಮುಂಗೋಪಿ. ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲೆಸೆದು, ತುಕ್ಕು ಹಿಡಿದ ಮೇಲೆ ಹೊತ್ತು ತಂದವರಿಗೆ ನಾಲ್ಕು ಮಾತು ಬೈದೇ ಕೆಲಸ ಶುರು ಮಾಡುತ್ತಿದ್ದೆ.

ಬೋರೇಗೌಡರನ್ನು ಮಾತ್ರ ಬೈಯುವ ಹಾಗಿರಲಿಲ್ಲ. ಹಳ್ಳಿಮೈಸೂರು ಕಡೆಯ ದೊಡ್ಡ ಜಮೀನುದಾರರು, ಅರವತ್ತು ದಾಟಿದವರು. ನಾನು ಅಂಗಡಿಯ ಲೈಸೆನ್ಸಿಗೆ ಅರ್ಜಿ ಹಾಕಿದಾಗ ನನ್ನ ನಡತೆಯ ಬಗ್ಗೆ ಪತ್ರ ಬರೆದುಕೊಟ್ಟವರು ಅವರೇ. ಅವರ ಮುಂದೆ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು.

ಆಯುಧಪೂಜೆ ಕಳೆದು ಎಂಟು ದಿನವಾಗಿತ್ತು. ಶನಿವಾರ ಬೆಳಿಗ್ಗೆ ಗೌಡರು ಹೆಂಡತಿ ನಿಂಗಮ್ಮನವರ ಜೊತೆ ಬಂದರು. ನಿಂಗಮ್ಮನವರು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ ಕೈಚೀಲದಿಂದ ಗೌಡರು ತಮ್ಮ ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಕನ್ನಡಿಯಂತಿದ್ದ ಆಯುಧ ಮಂಕಾಗಿ, ಅಲ್ಲಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆ ಎದ್ದಿತ್ತು.

"ನೋಡಪ್ಪ, ಇವ್ಳು ಮಾಡಿರೋ ಗನಂದಾರಿ ಕೆಲ್ಸವ. ಪೂಜೆಗೆ ಅಂತ ಇತ್ತಾಳೆ ಚೆಂಬು ಬೆಳಗ್ದಂಗೆ ಉಣ್ಸೇಅಣ್ಣು ಉಪ್ಪು ಆಕಿ ಉಜ್ಬುಟ್ಟವ್ಳೆ. ಸೋಮವಾರ ಸ್ಟೇಷನ್ನಲ್ಲಿ ತೋರ್ಸಿ ಲೈಸೆನ್ಸು ರಿನೀವಲ್ ಮಾಡುಸ್ಬೇಕು. ಇದುನ್ನ ಎಂಗಪ್ಪ ತೋರ್ಸಾದು?"

ನಿಂಗಮ್ಮನವರು ಎದುರಿನ ಬೆಂಚಿನ ಮೇಲೆ ಕುಳಿತರು. ಎಂಟು ದಿನದಿಂದಲೂ ಅವರು ಇದೇ ಬೈಗುಳ ಕೇಳುತ್ತಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ್ದು ಎಂದು ಜನ ತಿಳಿದಿದ್ದಾರೆ. ಅದು ಸುಳ್ಳು. ಈ ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿ ಕಾಯುತ್ತದೆ. ಉಪ್ಪು ಆ ಪೊರೆಯನ್ನು ತೂತು ಮಾಡುತ್ತದೆ, ಅಲ್ಲಿಂದ ಗುಳಿ ಬೀಳಲು ಶುರು. ಹುಣಸೆ ರಸ ಸಂದುಗಳಿಗೆ ಇಳಿದು ಒಣಗಿ ಇನ್ನೊಂದು ತೊಂದರೆಯನ್ನೂ ಮಾಡಿತ್ತು. ಗುಂಡು ತುಂಬುವ ಆರು ತೂತಿನ ಉರುಳೆ, ಅಂದರೆ ಸಿಲಿಂಡರ್, ಪಕ್ಕಕ್ಕೆ ತೆರೆದುಕೊಳ್ಳಬೇಕು. ಅದು ಬಿಗಿದುಕೊಂಡು ತೆರೆಯಲೂ ಇಲ್ಲ, ತಿರುಗಲೂ ಇಲ್ಲ.

"ಒಳಗೆ ಗುಂಡು?" ಎಂದೆ.

"ಖಾಲಿ ಕಣಪ್ಪ. ಪೂಜೆಗೆ ಮುಂಚಿನ ದಿಸ ನಾನೇ ಕೈಯಾರೆ ತಗ್ದು ಡಬ್ಬಿಗೆ ಆಕಿವ್ನಿ."

ಸೈನ್ಯದಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠವೊಂದಿದೆ. ಆಯುಧ ಯಾರೇ ಕೊಡಲಿ, ತೆರೆದು ನೋಡು, ಬೆರಳು ಹಾಕಿ ನೋಡು, ಆಮೇಲೆ ಉಳಿದ ಮಾತು. ಇಲ್ಲಿ ಮೊದಲು ಸಿಲಿಂಡರ್ ಬಿಡಿಸಿ ನೋಡಬೇಕು, ಅದಕ್ಕೆ ಅರ್ಧ ದಿನ ಬೇಕು ಎಂದು ನಾನು ಹೇಳಬೇಕಿತ್ತು. ಹೇಳಿದರೆ ಗೌಡರ ಮಾತನ್ನು ಅವರ ಹೆಂಡತಿಯೆದುರೇ ಅನುಮಾನಿಸಿದಂತೆ. ಮುಂದಿನಿಂದ ಇಣುಕಿದೆ. ಐದು ತೂತು ಖಾಲಿ ಕಂಡವು. ಆರನೆಯದು ನಳಿಗೆಯ ನೇರಕ್ಕಿದ್ದು ಅದರ ಮರೆಯಲ್ಲಿತ್ತು. ಹಿರಿಯರು ಹೇಳಿದ ಮೇಲೆ ಮುಗಿಯಿತು ಎಂದುಕೊಂಡೆ. ಮೈ ಮೊದಲು ಹೊಳೆಯಲಿ, ಸಿಲಿಂಡರ್ ಆಮೇಲೆ ಬಿಡಿಸೋಣ ಎಂದು ಕೆಲಸಕ್ಕೆ ಕುಳಿತೆ.

ಎಣ್ಣೆ ಜಿಡ್ಡು ತೆಗೆದೆ. ನಯವಾದ ಎಮರಿ ಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿದೆ. ಕೊರೆದಿರುವ ನಂಬರಿನ ಹತ್ತಿರ ಕೈ ಹಚ್ಚಲಿಲ್ಲ, ನಂಬರ್ ಅಳಿಸಿದರೆ ಅದು ಅಪರಾಧ. ಆಮೇಲೆ ಬಫಿಂಗ್ ಮೋಟಾರ್ ಹಾಕಿದೆ. ಗರಗರ ತಿರುಗುವ ಬಟ್ಟೆಯ ಚಕ್ರಕ್ಕೆ ಲೋಹ ಒತ್ತಿ ಹಿಡಿದರೆ ಮುಟ್ಟಲಾಗದಷ್ಟು ಬಿಸಿಯೇರುತ್ತದೆ. ಹತ್ತು ನಿಮಿಷ ಹಿಡಿಯ ಮೇಲಿನ ಬಲಮಗ್ಗುಲನ್ನು ಹೊಳೆಸಿದೆ. ಅಷ್ಟು ಹೊತ್ತೂ ನಳಿಗೆಯ ಬಾಯಿ ನಿಂಗಮ್ಮನವರು ಕುಳಿತಿದ್ದ ಬೆಂಚಿನ ಕಡೆಗಿತ್ತು.

ಇನ್ನು ನಳಿಗೆಯ ಸರದಿ. ಪಾಲಿಶ್ ಪುಡಿ ಒಳಗೆ ಹೋಗದಿರಲೆಂದು ಹತ್ತಿ ತುರುಕಿ, ತೆಳು ಬಿದಿರು ಕಡ್ಡಿಯಿಂದ ಒಳಗೆ ತಳ್ಳಿದೆ. ಕಡ್ಡಿಯ ತುದಿ ನನ್ನ ಅಂಗೈಯಲ್ಲಿತ್ತು. ಖಾಲಿ ತೂತಾಗಿದ್ದರೆ ಅದು ಸಿಲಿಂಡರಿನ ಹಿಂಬದಿಯವರೆಗೂ ಹೋಗಬೇಕು. ಹೋಗಲಿಲ್ಲ. ಹೊರಗೆ ತೆಗೆದು ಆಯುಧದ ಪಕ್ಕಕ್ಕಿಟ್ಟು ಅಳೆದೆ. ಒಂದು ಇಂಚು ಮೊದಲೇ ನಿಂತಿತ್ತು.

ಆರನೆಯ ತೂತು ಖಾಲಿಯಿರಲಿಲ್ಲ. ಮೋಟಾರ್ ಆರಿಸಿ, ರಿವಾಲ್ವರಿನ ಬಾಯನ್ನು ಮರಳಿನ ಬಕೆಟ್ಟಿಗೆ ತಿರುಗಿಸಿ ಹಿಡಿದೆ.

"ಗೌಡ್ರೇ, ಅಮ್ಮನ್ನ ಕರ್ಕೊಂಡು ರಸ್ತೆಗೆ ಹೋಗಿ. ಇದ್ರಲ್ಲಿ ಗುಂಡಿದೆ."

"ಖಾಲಿ ಅಂದ್ನಲ್ಲಯ್ಯಾ!"

"ಹೋಗ್ರೀ ಅಂದೆ!" ಅವರಿಗೆ ನಾನು ದನಿ ಎತ್ತಿದ್ದು ಅದೇ ಮೊದಲು.

ಬಿಸಿ ಮಾಡುವಂತಿಲ್ಲ, ಬಡಿಯುವಂತಿಲ್ಲ. ಗುಂಡಿನ ಹಿಂಬದಿಗೆ ಹೊಡೆಯುವ ಹ್ಯಾಮರಿನ ಮೇಲೆ ಸಣ್ಣ ಪೆಟ್ಟು ಬಿದ್ದರೂ ಸಾಕು. ಸೀಮೆಎಣ್ಣೆಗೆ ಮೆಷಿನ್ ಆಯಿಲ್ ಬೆರೆಸಿ ಸಂದಿಗೆ ತೊಟ್ಟುತೊಟ್ಟಾಗಿ ಬಿಟ್ಟೆ. ಬಾಯಿ ಮರಳಿನ ಕಡೆಗೇ ಇರುವಂತೆ ಹಿಡಿದು ಕಾಯುವುದು, ಬೆರಳಿನಿಂದ ಮೆಲ್ಲಗೆ ಒತ್ತುವುದು, ಮತ್ತೆ ಕಾಯುವುದು. ಎಡಗೈ ಮರಗಟ್ಟಿತು. ಎರಡು ಗಂಟೆ ಹತ್ತು ನಿಮಿಷದ ಮೇಲೆ ಸಿಲಿಂಡರ್ ಕರಕ್ ಎಂದು ಪಕ್ಕಕ್ಕೆ ವಾಲಿತು. ಐದು ತೂತು ಖಾಲಿ. ಆರನೆಯದರಲ್ಲಿ ಗುಂಡು ಕಚ್ಚಿಕೊಂಡು ಕೂತಿತ್ತು. ಗೌಡರು ಪೂಜೆಯ ಹಿಂದಿನ ದಿನ ಆಯುಧ ಬಗ್ಗಿಸಿ ಗುಂಡುಗಳನ್ನು ಅಂಗೈಗೆ ಉದುರಿಸಿಕೊಂಡು, ಎಣಿಸದೆ ಡಬ್ಬಿಗೆ ಹಾಕಿದ್ದರು, ಅಷ್ಟೆ.

ಗುಂಡನ್ನು ಹೊರತೆಗೆದು ಇಬ್ಬರನ್ನೂ ಒಳಗೆ ಕರೆದೆ. ಗೌಡರು ಅದನ್ನು ಎತ್ತಿ ನೋಡಿದರು. ಬೆಳಿಗ್ಗೆಯಿಂದ ಒಂದು ಮಾತೂ ಆಡದ ನಿಂಗಮ್ಮನವರು ಆಗ ಮಾತಾಡಿದರು.

"ಎಂಟು ದಿಸದಿಂದ ಒಳಪು ಓಯ್ತು, ಒಳಪು ಓಯ್ತು ಅಂತ ಬೈದ್ರಲ್ಲ. ತೊಡೆ ಮ್ಯಾಲೆ ಮಡಿಕ್ಕಂಡು, ಅದರ ಮೂತಿಯ ಒಟ್ಟೆ ಕಡೀಕೆ ತಿರುಗುಸ್ಕಂಡು ಉಜ್ಜಿದ್ದೆ ಕಣ್ರೀ ನಾನು."

ಗೌಡರು ಬೆಂಚಿನ ಮೇಲೆ ಕುಳಿತರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನಿಂಗಮ್ಮನವರು ನನ್ನ ಕಡೆ ತಿರುಗಿದರು.

"ನಂಗೆ ತಿಳೀದು. ಅವ್ರು ಮರ್ತ್ರು. ಕಲ್ತವ್ನು ನೀನು, ನೀನಾದ್ರೂ ನೋಡ್ಬಾರ್ದಾಗಿತ್ತೇನಪ್ಪ?"

ಹದಿನೇಳು ವರ್ಷದಲ್ಲಿ ಯಾವ ಅಧಿಕಾರಿ ಬೈದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. "ತಪ್ಪು ನನ್ನದೇ ಅಮ್ಮ" ಎಂದೆ.

ಮರುದಿನವೂ ಅಂಗಡಿ ತೆರೆದು ಕೆಲಸ ಮುಗಿಸಿದೆ. ಹೊಸ ಪೊರೆ ಕಟ್ಟಲೆಂದು ಮೃದು ಆಮ್ಲದ ನೀರಿನಲ್ಲಿ ಅದ್ದಿ, ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿದೆ. ನಂಬರಿನ ಪಕ್ಕದ ಎರಡು ಗುಳಿಗಳನ್ನು ಹಾಗೇ ಬಿಟ್ಟೆ. ಸಂಜೆ ಗಂಡ ಹೆಂಡತಿ ಇಬ್ಬರೂ ಬಂದರು. ಸಿಲಿಂಡರ್ ತೆರೆದು ಗೌಡರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. "ಅವ್ಳಿಗೆ ಕೊಡಪ್ಪ" ಎಂದರು. ನಿಂಗಮ್ಮನವರು ಅವಸರವಿಲ್ಲದೆ ಆರು ತೂತಿಗೂ ಕಿರುಬೆರಳು ಹಾಕಿ ನೋಡಿದರು. ಗೌಡರು ಚೀಲ ಹಿಡಿದು ಅಷ್ಟು ಹೊತ್ತೂ ನಿಂತೇ ಇದ್ದರು.

ಆಮೇಲೆ ಹನ್ನೊಂದು ವರ್ಷ ಅಂಗಡಿ ನಡೆಸಿದೆ. ಯಾರೇ ಆಯುಧ ಕೊಟ್ಟರೂ ಮೊದಲು ತೆರೆದು ನೋಡಿದೆ, ತೆರೆಯದಿದ್ದರೆ ಗುಂಡಿದೆಯೆಂದೇ ಹಿಡಿದೆ. "ನಮ್ ಮಾತು ನಂಬಕ್ಕಿಲ್ವಾ?" ಎಂದು ಮುನಿಸಿಕೊಂಡು ಎದ್ದುಹೋದವರಿದ್ದಾರೆ. ಹೋಗಲಿ. ದೊಡ್ಡವರ ಮಾತಿಗೆ ಮರ್ಯಾದೆ ಕೊಡಲು ಹೋಗಿ ನಾನು ಒಬ್ಬ ಹೆಂಗಸಿನ ಪ್ರಾಣವನ್ನು ಹತ್ತು ನಿಮಿಷ ನಳಿಗೆಯ ಮುಂದೆ ಇಟ್ಟಿದ್ದೆ.