ಇಪ್ಪತ್ಮೂರು ಸಂಸ್ಥೆಗಳಿಗೆ ಒಬ್ಬಳೇ ಅಕ್ಕ

ಬೆಳಗಿನ ಐದೂವರೆ. ನಳಿಯಾ ಘಾಟಿನಲ್ಲಿ ಮಂಜು ಇನ್ನೂ ನೀರಿನ ಮೇಲೇ ಮಲಗಿದೆ. ಆಚೆ ದಡ ಕಾಣುವುದಿಲ್ಲ. ಮೊದಲ ದೋಣಿಗೆ ಕಾದವರು ಏಳೇ ಜನ: ಹಾಲಿನ ಕ್ಯಾನಿನವರು ಇಬ್ಬರು, ಏಡಿ ಬುಟ್ಟಿಯವಳೊಬ್ಬಳು, ಮೇಕೆ ಹಿಡಿದ ಮುದುಕ, ಒಬ್ಬ ಮೇಷ್ಟ್ರು, ನಾನು, ಮತ್ತು ಕುಂತಳಾ ಜೇನಾ. ಕುಂತಳಾ ಅವರ ತೊಡೆಯ ಮೇಲೆ ದಪ್ಪ ಟವೆಲಿನಲ್ಲಿ ಸುತ್ತಿದ ಒಂದು ಗಂಟು. ಮಂಜು ತಾಗದಂತೆ ಸೆರಗನ್ನೂ ಅದರ ಮೇಲೆ ಹೊದಿಸಿ ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಾರೆ.

"ಅಪಾ, ಮಗೂಗೂ ಟಿಕೆಟ್ ತಗೋಬೇಕಾಗ್ತದೆ," ಎಂದು ದೋಣಿಯ ಧ್ರುಬ ರೇಗಿಸುತ್ತಾನೆ.

"ಮೊದಲು ದೋಣಿ ಅಲ್ಲಾಡಿಸದೆ ನಡೆಸೋದು ಕಲಿ. ಇದೇನಾದ್ರೂ ನೀರಿಗೆ ಬಿದ್ರೆ ನಿನ್ನನ್ನೇ ಇಳಿಸ್ತೀನಿ. ಮೊಸಳೆಗೂ ಬೆಳಗಿನ ತಿಂಡಿ ಆಗ್ತದೆ."

ಗಂಟಿನಲ್ಲಿರುವುದು ಪ್ರಿಂಟರ್. ಇಪ್ಪತ್ಮೂರು ಸಂಸ್ಥೆಗಳಿಗೆ ಇರುವುದು ಇದೊಂದೇ. ಇವತ್ತು ಇದರ ಸರದಿ ಕೇತಕಿಪಾಳ ದ್ವೀಪದ ಕಿವುಡು ಮಕ್ಕಳ ಶಾಲೆಗೆ. ಅಲ್ಲಿನ ವಾರ್ಷಿಕ ವರದಿ ನಾಳೆ ಸಂಜೆಯೊಳಗೆ ಜಿಲ್ಲಾ ಕೇಂದ್ರ ಕೇಂದ್ರಾಪಡಾ ಸೇರಬೇಕು.

ಕುಂತಳಾ ಅವರಿಗೆ ಐವತ್ನಾಲ್ಕು. ಅವರಿಗಿಂತ ಹಿರಿಯರೂ ಅವರನ್ನು ಕರೆಯುವುದು ಅಪಾ, ಅಕ್ಕ, ಎಂದೇ. ಹೊಳೆ ಹೊಳೆಗಳ ನಡುವೆ ಚೆದುರಿದ ನಮ್ಮ ಈ ಭಾಗದಲ್ಲಿ ಇಪ್ಪತ್ಮೂರು ಸಣ್ಣ ಸ್ವಯಂಸೇವಾ ಸಂಸ್ಥೆಗಳಿವೆ. ಬಾಣಂತಿಯರನ್ನು ನೋಡಿಕೊಳ್ಳುವುದೊಂದು, ಚಾಪೆ ಹೆಣೆಯುವ ಹೆಂಗಸರದೊಂದು, ಮೀನುಗಾರರದೊಂದು, ಉಪ್ಪುನೀರಿನ ದಡದಲ್ಲಿ ಕಾಂಡ್ಲಾ ಗಿಡ ನೆಡುವುದೊಂದು. ಕೆಲವದರಲ್ಲಿ ಅರವತ್ತು ಜನ ಕೆಲಸಗಾರರು, ಕೆಲವದರಲ್ಲಿ ಇಬ್ಬರೇ. ಇವೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟದ ಹೆಸರು 'ಏಕಾಠಿ', ಅಂದರೆ ಒಟ್ಟಿಗೆ. ಅದರ ಏಕೈಕ ಪೂರ್ಣಾವಧಿ ಸಿಬ್ಬಂದಿ ಕುಂತಳಾ. ಸಂಸ್ಥೆಗಳ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಮುಖ್ಯಸ್ಥರ ಕೊರಳಿಗೆ ಹಾರ ಬೀಳುತ್ತದೆ. ಆ ಫೋಟೋಗಳಲ್ಲಿ ಇವರನ್ನು ಹುಡುಕಿದರೆ ಸಿಗುವುದಿಲ್ಲ. ಆ ಹೊತ್ತಿಗೆ ಇವರು ಒಕ್ಕೂಟದ ಎಂಬತ್ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಎಣಿಸಿ ಟ್ರಾಲಿಗೆ ಹೇರಿಸುತ್ತಿರುತ್ತಾರೆ.

ಈ ಕೆಲಸಕ್ಕೆ ಇವರನ್ನು ಯಾರೂ ಆರಿಸಿದ್ದಲ್ಲ. ತೊಂಬತ್ತೊಂಬತ್ತರ ಚಂಡಮಾರುತ ಮುಗಿದ ವಾರ ಇವರ ಊರಿನ ಘಾಟಿಗೆ ಒಂದೇ ಬೆಳಗ್ಗೆ ಒಂಬತ್ತು ದೋಣಿ ಹಳೆ ಬಟ್ಟೆ ಬಂದವಂತೆ. "ನಮಗೆ ಬೇಕಾಗಿದ್ದು ಕುಡಿಯೋ ನೀರು. ಪಕ್ಕದ ಊರಿಗೆ ನೀರು ಬಂದಿತ್ತು, ಬಟ್ಟೆ ಇರ್ಲಿಲ್ಲ. ಅವರಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ," ಎನ್ನುತ್ತಾರೆ. ಆಗ ಇಪ್ಪತ್ತೆಂಟರ ಕುಂತಳಾ ಶಾಲೆಯ ಸ್ಲೇಟೊಂದನ್ನು ಹಿಡಿದು ಘಾಟಿನಲ್ಲಿ ನಿಂತರು. ಯಾವ ಊರಿಗೆ ಏನು ಬಂತು, ಏನು ಬೇಕು ಎಂದು ಬರೆದು, ಬಂದ ದೋಣಿಗಳನ್ನು ತಿರುಗಿಸತೊಡಗಿದರು. ಯಾರಮ್ಮ ನೀನು, ಯಾರು ಅಧಿಕಾರ ಕೊಟ್ಟರು ಎಂದು ಬೈದವರೂ ಇದ್ದರು. ಏಳು ವರ್ಷದ ಮೇಲೆ ಅದೇ ಬೈದವರು ಸೇರಿ ಒಕ್ಕೂಟ ಮಾಡಿದಾಗ, "ಆ ಸ್ಲೇಟಿನ ಹೆಂಗಸನ್ನ ಕರೀರಿ," ಎಂದರು.

ಈಗ ದಿನಕ್ಕೆ ನಲವತ್ತರ ಮೇಲೆ ಫೋನು. ವಾರಕ್ಕೆ ನಾಲ್ಕು ಸಲ ಹೊಳೆ ದಾಟಬೇಕು. ಒಂದು ಮೊಣಕಾಲು ಕೈಕೊಟ್ಟಿದೆ, ಹಾಗಾಗಿ ದೋಣಿಯಿಂದ ಕೆಸರಿಗೆ ಇಳಿಯುವಾಗ ಯಾರದಾದರೂ ಭುಜ ಬೇಕು. ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ ದಿನ ಯಾವುದೋ ಸಂಸ್ಥೆಯ ನೋಂದಣಿ ನವೀಕರಣ. ನೀಲಿ ಗುರುತು ಹಾಕಿದ ದಿನ ಯಾರದೋ ಕಣ್ಣಿನ ಆಪರೇಷನ್ನು, ಯಾರದೋ ಮಗಳ ಮದುವೆ, ಯಾರದೋ ಗಂಡನ ವರ್ಷಾಬ್ದಿಕ. "ಕೆಂಪು ತಪ್ಪಿದ್ರೆ ಸಂಸ್ಥೆ ಹೋಗ್ತದೆ. ನೀಲಿ ತಪ್ಪಿದ್ರೆ ಮನುಷ್ಯರು ಹೋಗ್ತಾರೆ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಒಬ್ಬರು ಹೋದ್ರು," ಎಂದರು.

ಹೋದವರು ನರಹರಿ ದಾಸ್. ಹೊಳೆಯಾಚೆಯ ಮೂವತ್ತೊಂದು ಹೆಣ್ಣುಮಕ್ಕಳನ್ನು ದಿನಾ ಹೈಸ್ಕೂಲಿಗೆ ದಾಟಿಸುವ ದೋಣಿ ನಡೆಸುತ್ತಿದ್ದರು. ಎಂಟು ವರ್ಷದ ಹಿಂದೆ, ಒಬ್ಬನಿಂದಲೇ ಆಗುತ್ತಿಲ್ಲ, ಒಮ್ಮೆ ಬನ್ನಿ ಎಂದು ಒಕ್ಕೂಟಕ್ಕೆ ಮೂರು ಪತ್ರ ಬರೆದರು. ಮೂರಕ್ಕೂ ಕುಂತಳಾ ಉತ್ತರ ಕೊಟ್ಟರು: ಮುಂದಿನ ಸಭೆಯಲ್ಲಿ ಮಾತಾಡೋಣ. ಸಭೆಯ ಹೊತ್ತಿಗೆ ನರಹರಿ ದೋಣಿ ದಡಕ್ಕೆಳೆದು ಸೂರತ್ತಿನ ಗಿರಣಿಯೊಂದಕ್ಕೆ ಕಾವಲುಗಾರನಾಗಿ ಹೋಗಿಯಾಗಿತ್ತು. ಇನ್ನೊಂದು ಸಂಸ್ಥೆ ದೋಣಿ ಇಳಿಸಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಹನ್ನೊಂದು ಹುಡುಗಿಯರು ಶಾಲೆ ಬಿಟ್ಟಿದ್ದರು.

"ಸುಲೋಚನಾ, ಪೂರ್ಣಮಾಸಿ, ಮಿನತಿ, ಝುನು..." ಕುಂತಳಾ ಹನ್ನೊಂದೂ ಹೆಸರು ಹೇಳುತ್ತಾರೆ, ಎಲ್ಲೂ ತಡವರಿಸುವುದಿಲ್ಲ. "ಪತ್ರಕ್ಕೆ ಪತ್ರ ಬರೆದೆ. ಹೋಗಿ ಪಕ್ಕದಲ್ಲಿ ಕೂರ್ಬೇಕಿತ್ತು. ಆವತ್ತಿಂದ, ಯಾರಾದ್ರೂ ಸಾಕಾಯ್ತು ಅಂದ್ರೆ ಮಾರನೇ ದಿನದ ಮೊದಲ ದೋಣೀಲಿ ನಾನಿರ್ತೀನಿ."

ಹಾಗೆ ಹೊರಟದ್ದೊಂದು ಸಲ ಇದೇ ಕೇತಕಿಪಾಳಕ್ಕೆ. ನಾಲ್ಕು ವರ್ಷದ ಹಿಂದಿನ ಮಾತು. ಕಿವುಡು ಮಕ್ಕಳ ಶಾಲೆ ಕಟ್ಟಿದ ರಶ್ಮಿರೇಖಾ ಮಲ್ಲಿಕ್, "ಶಾಲೆ ಮುಚ್ಚುತ್ತಿದ್ದೇನೆ, ಕ್ಷಮಿಸಿ," ಎಂದು ಎರಡೇ ಸಾಲು ಬರೆದರು. ಪತ್ರ ಬಂದ ದಿನವೇ ಒಕ್ಕೂಟದ ಸಭೆ ಇತ್ತು. ಎಲ್ಲಕ್ಕಿಂತ ದೊಡ್ಡ ಸಂಸ್ಥೆಯ ಗದಾಧರ ಸ್ವಾಯಿಂ ತಮ್ಮ ದಪ್ಪ ಮೀಸೆ ನೀವುತ್ತಾ, "ಮುಳುಗೋ ದೋಣಿಗೆ ಎಷ್ಟು ಜನ ಹುಟ್ಟು ಹಾಕೋದು? ಆ ಇಪ್ಪತ್ತಾರು ಮಕ್ಕಳನ್ನ ನಮ್ಮ ಹಾಸ್ಟೆಲಿಗೆ ಕಳಿಸಿ. ಜಾಗ ಇದೆ," ಎಂದರು. ಸುಮಾರು ಜನ ತಲೆಯಾಡಿಸಿದರು.

"ನಿಮ್ಮ ಹಾಸ್ಟೆಲಲ್ಲಿ ಕೈಮಾತು ಬರೋರು ಎಷ್ಟು ಜನ ಇದ್ದಾರೆ ಗದಾಧರ ಬಾಬು?" ಎಂದು ಕುಂತಳಾ ಕೇಳಿದರು.

ಅವರು ಮೀಸೆಯಿಂದ ಕೈ ತೆಗೆದರು.

"ರಶ್ಮಿ ಹತ್ರ ಯಾರಾದ್ರೂ ಮಾತಾಡಿದೀರಾ? ಇಲ್ಲ ತಾನೆ? ನಾನು ಹೋಗಿ ಬರೋವರೆಗೂ ಈ ಮಾತು ಇಲ್ಲೇ ಇರ್ಲಿ."

ಮಾರನೇ ಬೆಳಗ್ಗೆ ಅಪಾ ಹೋದಾಗ ರಶ್ಮಿರೇಖಾ ಅಡುಗೆಮನೆಯ ಮೆಟ್ಟಿಲ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದರಂತೆ. ನಾಲ್ಕು ವರ್ಷದಿಂದ ಒಂದು ದಿನ ರಜೆ ಇಲ್ಲ. ಅಡುಗೆಯವಳು ಬಿಟ್ಟು ಹೋಗಿ ತಿಂಗಳಾಗಿತ್ತು. ತಲೆ ಎತ್ತದೆ, "ಬುದ್ಧಿ ಹೇಳೋಕೆ ಬಂದಿದ್ರೆ ಇದೇ ದೋಣೀಲಿ ವಾಪಸ್ ಹೋಗಿ ಅಪಾ," ಎಂದರು.

"ಬುದ್ಧಿ ಇದ್ದಿದ್ರೆ ನಾನು ಈ ಕೆಲಸಕ್ಕೆ ಬರ್ತಿದ್ನಾ? ಏಳು, ಬಟ್ಟೆ ಕಟ್ಕೋ. ಅಮ್ಮನ ಮನೆಗೆ ಹೋಗು. ನಾನಿಲ್ಲಿರ್ತೀನಿ."

"ಎಷ್ಟು ದಿನ?"

"ನಿಂಗೆ ನಿದ್ದೆ ಸಾಕು ಅನ್ಸೋವರೆಗೂ."

"ಆಮೇಲೂ ಮುಚ್ಚಬೇಕು ಅನ್ಸಿದ್ರೆ?"

"ಬಂದು ಮುಚ್ಚು. ಬೀಗ ನಾನೇ ತಂದಿರ್ತೀನಿ."

ರಶ್ಮಿರೇಖಾ ಹೋದರು. ಅಪಾ ಉಳಿದರು, ಇಬ್ಬರು ಎಳೆಯ ಶಿಕ್ಷಕಿಯರು ಮತ್ತು ಇಪ್ಪತ್ತಾರು ಮಕ್ಕಳ ಜೊತೆ. ಮೊದಲ ಮಧ್ಯಾಹ್ನ ಊಟಕ್ಕೆ ಕರೆಯಲು ತಟ್ಟೆ ಬಡಿದರು. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಬಡಿದರು. "ಆಮೇಲೆ ಹೊಳೀತು. ಒಬ್ಬಳೇ ಕೂತು ನಕ್ಕೆ," ಎನ್ನುತ್ತಾರೆ. ಬೇಳೆ, ತರಕಾರಿ ಹಾಕಿ ಬೇಯಿಸಿದ ಅವರ ದಾಲ್ಮಾಗೆ ಉಪ್ಪು ಹೆಚ್ಚಾಗಿತ್ತು ಎಂದು ಮಕ್ಕಳು ಹೇಳಿದ್ದು ತಿಳಿಯಲು ಕೈಮಾತು ಕಲಿತಿರಬೇಕಾಗಿರಲಿಲ್ಲ. ವಾರದೊಳಗೆ ಮಕ್ಕಳು ಅವರಿಗೊಂದು ಹೆಸರಿಟ್ಟರು: ಅಂಗೈ ಮೇಲೆ ಮುಷ್ಟಿ ಗುದ್ದುವುದು. ಕಾಗದ ಕಂಡಲ್ಲೆಲ್ಲ ಮೊಹರು ಒತ್ತುವ ಹೆಂಗಸು ಎಂದು ಅರ್ಥ.

ಹನ್ನೆರಡನೆಯ ದಿನ ಗದಾಧರ ಬಾಬು ಬಂದರು. ಒಂದು ಗಂಟೆ ನೋಡಿ ಹೊರಡುವ ಲೆಕ್ಕ. ಗಾಳಿ ಎದ್ದು ದೋಣಿ ನಿಂತಿತು, ಎರಡು ದಿನ ಅಲ್ಲೇ ಉಳಿಯಬೇಕಾಯಿತು. ಒಂಬತ್ತು ವರ್ಷದ ಪುಷ್ಪಾ ಎಂಬ ಹುಡುಗಿ ಅವರನ್ನು ಹಿಡಿದು ಕೂರಿಸಿ, ಎರಡು ಬೆರಳಿಂದ ಮೀಸೆ ತಿರುವಿ ತೋರಿಸಿ, ಇದು ನಿನ್ನ ಹೆಸರು ಎಂದು ಕಲಿಸಿದಳು. ತಪ್ಪು ಮಾಡಿದಾಗಲೆಲ್ಲ ಕೈಗೊಂದು ಏಟು. ಇಡೀ ಜಿಲ್ಲೆ ಎದ್ದು ನಿಂತು ನಮಸ್ಕರಿಸುವ ಮನುಷ್ಯ ಅಂದು ಸಂಜೆ ಆಲೂಗಡ್ಡೆ ಹೆಚ್ಚುತ್ತಾ, "ಇವರನ್ನ ನಮ್ಮ ಹಾಸ್ಟೆಲಿಗೆ ಕರಕೊಂಡು ಹೋಗಿದ್ರೆ ಮೂಕರಾಗಿಬಿಡ್ತಿದ್ರು ಅಪಾ," ಎಂದರಂತೆ. ಊರಿಗೆ ಹೋದವರೇ ತಮ್ಮ ಅಡುಗೆಯವನನ್ನು ಮೂರು ತಿಂಗಳಿಗೆ ಕೇತಕಿಪಾಳಕ್ಕೆ ಕಳಿಸಿದರು.

ಮೂವತ್ನಾಲ್ಕನೆಯ ದಿನ ರಶ್ಮಿರೇಖಾ ಹಿಂತಿರುಗಿದರು. ಆ ದಿನದ ಬಗ್ಗೆ ಇವತ್ತು ಶಾಲೆ ತಲುಪಿದ ಮೇಲೆ ಅವರನ್ನೇ ಕೇಳಿದೆ. ಪ್ರಿಂಟರಿನಿಂದ ಬರುತ್ತಿದ್ದ ಬಿಸಿ ಬಿಸಿ ಹಾಳೆಗಳನ್ನು ಜೋಡಿಸುತ್ತಲೇ ಹೇಳಿದರು: "ಮುಚ್ಚೋಕೇ ಬಂದಿದ್ದೆ, ಸುಳ್ಳು ಯಾಕೆ ಹೇಳ್ಲಿ? ಮಕ್ಕಳು ಓಡಿ ಬಂದು ಅಪಾ ಮೇಲೆ ದೂರು ಶುರು ಮಾಡಿದ್ರು. ಅನ್ನ ಸೀದಿಸ್ತಾರೆ, ಜಡೆ ಬಿಗಿ ಹಾಕ್ತಾರೆ, ಕೈಮಾತಲ್ಲಿ ಮೀನು ಅನ್ನೋಕೆ ಹೋಗಿ ಅತ್ತೆ ಅಂತಾರೆ! ಇಪ್ಪತ್ತಾರು ಜನರ ದೂರು ಕೇಳೋವಷ್ಟರಲ್ಲಿ ಸಂಜೆ ಆಯ್ತು. ಮುಚ್ಚೋ ಮಾತು ಹೇಗೆ ಎತ್ತೋದು? ಬೀಗ ನಿಜವಾಗ್ಲೂ ತಂದಿಟ್ಟಿದ್ರು ಪುಣ್ಯಾತ್ಗಿತ್ತಿ. ಸೌದೆ ಕೊಠಡಿಗೆ ಹಾಕಿದೀನಿ."

ಅಂದಿನಿಂದ ಒಕ್ಕೂಟದಲ್ಲಿ ಹೊಸ ಕಟ್ಟಲೆ ಬಂತು. ಪ್ರತಿ ಸಂಸ್ಥೆಯ ಮುಖ್ಯಸ್ಥರೂ ವರ್ಷಕ್ಕೆ ಹದಿನೈದು ದಿನ ಕಡ್ಡಾಯವಾಗಿ ರಜೆ ಹೋಗಬೇಕು. ಆ ಹದಿನೈದು ದಿನ ಇನ್ನೊಂದು ಸಂಸ್ಥೆಯವರು ಬಂದು ಕೆಲಸ ನೋಡಿಕೊಳ್ಳಬೇಕು. ಮೀನುಗಾರರ ಮುಖಂಡ ಬಾಣಂತಿಯರ ಕೇಂದ್ರ ನಡೆಸಿದ್ದಾನೆ, ಬಾಣಂತಿಯರ ಕೇಂದ್ರದಾಕೆ ಮೀನು ಹರಾಜಿನಲ್ಲಿ ದಲ್ಲಾಳಿಗಳ ಬಾಯಿ ಮುಚ್ಚಿಸಿದ್ದಾಳೆ. ನನ್ನ ಕುರ್ಚಿ ಕಿತ್ತುಕೊಳ್ಳುತ್ತಾರೆ ಎಂದು ಹೆದರಿ ರಜೆ ಹೋಗದವರೂ ಇದ್ದರು. ಅಂಥವರ ಮನೆಗೆ ಅಪಾ ಹೋಗಿ, ಅವರ ಹೆಂಡತಿಯರ ಹತ್ತಿರ ದೂರು ಕೊಟ್ಟು ಬಂದರು. ಈವರೆಗೆ ಒಟ್ಟು ಅರವತ್ತೆಂಟು ರಜೆಗಳು ಆಗಿವೆ.

ಕಳೆದ ದಸರೆಗೆ ಮೊದಲಿನ ಸಭೆಯಲ್ಲಿ ರಶ್ಮಿರೇಖಾ ಎದ್ದು ನಿಂತು, "ಎಲ್ಲರ ರಜೆ ಆಯ್ತು, ಒಬ್ಬರದು ಬಾಕಿ ಇದೆ," ಎಂದರು. ಎಲ್ಲರೂ ಕುಂತಳಾ ಕಡೆ ತಿರುಗಿದರು.

"ನಾನು ಮುಖ್ಯಸ್ಥೆ ಅಲ್ಲಪ್ಪ, ನಾನು ಬರೀ ಕುರ್ಚಿ ಎಣಿಸೋಳು."

"ಕುರ್ಚಿ ನಾನು ಎಣಿಸ್ತೀನಿ," ಎಂದರು ಗದಾಧರ ಬಾಬು. "ಎಂಬತ್ನಾಲ್ಕು ತಾನೆ? ನಾನೂ ಸ್ಕೂಲಿಗೆ ಹೋಗಿದೀನಿ."

ಒಪ್ಪದೆ ಬೇರೆ ದಾರಿಯಿರಲಿಲ್ಲ. ಕಟ್ಟಲೆ ಮಾಡಿದ್ದೇ ಅವರು. ಜಾಜಪುರದ ತಮ್ಮ ಅಕ್ಕನ ಮನೆಗೆ ಹೊರಟರು.

ಹಿಂತಿರುಗುವ ದೋಣಿಯಲ್ಲಿ, ಪ್ರಿಂಟರನ್ನು ಮತ್ತೆ ತೊಡೆಗೇರಿಸಿಕೊಂಡು, ಆ ಹದಿನೈದು ದಿನದ ಕಥೆಯನ್ನು ಅವರು ನನಗೆ ಹೇಳಿದರು. ಮಂಜು ಕರಗಿ ಎರಡೂ ದಡ ಚೆನ್ನಾಗಿ ಕಾಣುತ್ತಿದ್ದವು.

"ಮೊದಲ ದಿನ ಒಂದೂ ಫೋನ್ ಬರ್ಲಿಲ್ಲ. ಎರಡನೇ ದಿನವೂ ಇಲ್ಲ. ಫೋನ್ ಕೆಟ್ಟಿದೆಯೇನೋ ಅಂತ ಅಕ್ಕನ ಸೊಸೆ ಕೈಲಿ ಒಂದು ಸಲ ಮಾಡಿಸಿ ನೋಡ್ದೆ. ಸರಿಯಾಗೇ ಇತ್ತು! ನಾಲ್ಕನೇ ದಿನ ತಡೀಲಾರದೆ ನಾನೇ ರಶ್ಮಿಗೆ ಮಾಡ್ದೆ. 'ಎಲ್ಲಾ ಚೆನ್ನಾಗಿದೆ, ಇಡಿ,' ಅಂತ ಇಟ್ಟೇಬಿಟ್ಟಳು. ಎಷ್ಟು ಸಿಟ್ಟು ಬಂತು ಗೊತ್ತಾ? ಇಷ್ಟು ವರ್ಷ ಇವರಿಗೋಸ್ಕರ ಕೆಸರು ತುಳಿದೆ, ಒಂದು ಮಾತು ಕೇಳೋರಿಲ್ಲ ಅಂತ ಅಕ್ಕನ ಮುಂದೆ ಅತ್ತೆ."

ಆ ಹದಿನೈದು ದಿನದಲ್ಲಿ ಕ್ಯಾಲೆಂಡರಿನಲ್ಲಿ ಎರಡು ಕೆಂಪು ಗುರುತುಗಳಿದ್ದವು. ಎರಡೂ ಕಾಗದ ಸಮಯಕ್ಕೆ ಸರಿಯಾಗಿ ಸೇರಿದ್ದವು. ಒಕ್ಕೂಟದ ಒಂದೇ ಟೆಂಟು ಯಾರಿಗೆ ಮೊದಲು ಎಂದು ಎರಡು ಸಂಸ್ಥೆಗಳು ಜಗಳವಾಡಿ, ತಾವೇ ರಾಜಿಯಾಗಿದ್ದವು. ಚಾಪೆಯವರ ಮುಖ್ಯಸ್ಥೆಯ ಗಂಡ ಆಸ್ಪತ್ರೆ ಸೇರಿದಾಗ ಮಾರನೇ ಬೆಳಗ್ಗೆ ಮೊದಲ ದೋಣಿಯಲ್ಲಿ ಮೂವರು ಹೋಗಿ ಅವಳ ಪಕ್ಕದಲ್ಲಿ ಕೂತಿದ್ದರು. ಹೋಗಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

"ಇದೆಲ್ಲ ಆಮೇಲೆ ಗೊತ್ತಾಗಿದ್ದು," ಎಂದು ಕುಂತಳಾ ಟವೆಲಿನ ಅಂಚನ್ನು ಒಳಗೆ ಸೇರಿಸಿದರು. "ಎಂಟನೇ ದಿನ ಮಧ್ಯಾಹ್ನ ನೀರಲ್ಲಿ ನೆನೆಸಿದ ಪಖಾಳ ಅನ್ನ ಉಂಡು ಸುಮ್ನೆ ಅಡ್ಡಾದೆ. ಎದ್ದಾಗ ಅಕ್ಕ ತುಳಸಿಗೆ ದೀಪ ಹಚ್ತಾ ಇದ್ಳು. ಯಾರೂ ಎಬ್ಬಿಸಿರ್ಲಿಲ್ಲ, ಯಾರೂ ಕರೆದಿರ್ಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ಕೆಲಸ ಸರಿಯಾಗೇ ಆಗಿದೆ ಅಂತ ನಂಗೆ ಆವತ್ತೇ ಅನ್ನಿಸಿದ್ದು."