ನಾನು ಬಿಟ್ಟುಕೊಡದ ಗೆಲುವು

ನಮ್ಮ ಸೈಕಲ್ ಗುಂಪಿನ ಹೆಂಗಸರು ಇವತ್ತಿಗೂ ನನ್ನನ್ನು ದೊಡ್ಡ ಮನಸ್ಸಿನವಳು ಅಂತಲೇ ತಿಳಿದಿದ್ದಾರೆ. ಹೊಸಬರು ಯಾರಾದರೂ ಸೇರಿದರೆ ಆ ವಿಡಿಯೊ ತೋರಿಸುತ್ತಾರೆ. ಕಾಲು ನಿಮಿಷವೂ ಇಲ್ಲದ ವಿಡಿಯೊ. ಏರುದಾರಿಯಲ್ಲಿ ನಾನು ಸೈಕಲ್ ಮೇಲೆ ನೆಟ್ಟಗೆ ಕೂತು, ಬಲಗೈ ಎತ್ತಿ, ಜೊತೆಯವಳಿಗೆ ನೀನು ಹೋಗು ಅಂತ ಸನ್ನೆ ಮಾಡಿ ನಗುತ್ತೇನೆ. ಅವಳು ಮುಂದೆ ಹೋಗಿ ಗೆಲ್ಲುತ್ತಾಳೆ. ನೋಡಿದವರು ಅಯ್ಯೋ ಎಷ್ಟು ಚೆನ್ನಾಗಿದೆ ಅನ್ನುತ್ತಾರೆ. ನನಗೆ ಮಾತ್ರ ಅಲ್ಲಿಂದ ಎದ್ದು ಹೋಗಿ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ನಿಲ್ಲೋಣ ಅನ್ನಿಸುತ್ತದೆ.

ನಾನು ಜಯನಗರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ನಲವತ್ತೈದು ದಾಟಿದ ಮೇಲೆ ಮಂಡಿ ನೋವು ಶುರುವಾಗಿ, ಡಾಕ್ಟರು ಸೈಕಲ್ ಹೊಡೀರಿ ಮೇಡಂ ಅಂದರು. ನನ್ನ ಗಂಡನಿಗೆ ಅಷ್ಟು ಸಾಕಾಯಿತು. ಅವರು ಹೊರದೇಶದ ಸೈಕಲ್ ಪಂದ್ಯಗಳ ಹುಚ್ಚು ಹತ್ತಿಸಿಕೊಂಡ ಮನುಷ್ಯ. ಜುಲೈ ತಿಂಗಳಲ್ಲಿ ಸಂಜೆ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತರೆ, ಗ್ಯಾಸ್ ಮೇಲೆ ಹಾಲು ಉಕ್ಕಿದರೂ ಏಳುವವರಲ್ಲ. ಮಾರನೇ ವಾರವೇ ನನಗೊಂದು ಒಳ್ಳೆಯ ಗೇರ್ ಸೈಕಲ್ ಬಂತು. ಅದರ ಹಿಂದೆಯೇ ನಾನೂ ಆ ಪಂದ್ಯಗಳನ್ನು ನೋಡಲು ಕೂತೆ.

ಮೂರು ವಾರ ನಡೆಯುವ ಆ ಪಂದ್ಯಗಳಲ್ಲಿ ಒಂದು ಪದ್ಧತಿಯಿದೆ. ಎಲ್ಲ ದಿನಗಳ ಸಮಯ ಕೂಡಿಸಿ ಒಬ್ಬ ಮುಂದಿರುತ್ತಾನೆ. ದಿನದಿನಕ್ಕೂ ಬೇರೆ ಗೆಲುವಿರುತ್ತದೆ. ಒಟ್ಟಾರೆ ಮುಂದಿರುವವನು ಬೆಟ್ಟದ ಮೇಲೆ ಇನ್ನೊಬ್ಬನ ಜೊತೆ ಗುಂಪನ್ನು ಹಿಂದೆ ಬಿಟ್ಟು ಬಂದಾಗ, ಆ ಇನ್ನೊಬ್ಬ ದಾರಿಯುದ್ದಕ್ಕೂ ಮುಂದೆ ತುಳಿಯುತ್ತಾ ಇಬ್ಬರ ಪಾಲಿನ ಗಾಳಿಯ ಹೊಡೆತವನ್ನೂ ತಾನೇ ತಿಂದಿದ್ದರೆ, ಕೊನೆಯಲ್ಲಿ ಇವನು ಕಾಲು ಸಡಿಲ ಬಿಟ್ಟು ಆ ದಿನದ ಗೆಲುವನ್ನು ಅವನಿಗೆ ಬಿಡುತ್ತಾನೆ. ನನಗೆ ಹೇಗೂ ದೊಡ್ಡದು ಸಿಗುತ್ತದೆ, ಇದು ನಿನಗಿರಲಿ ಅಂತ. ಬಿಟ್ಟವನು ಆಮೇಲೆ ಅದನ್ನು ಬಾಯಲ್ಲಿ ಆಡಬಾರದು. ಆಡಿದರೆ ಗೆದ್ದವನಿಗೆ ಅವಮಾನ. ಇದನ್ನೆಲ್ಲ ನನ್ನ ಗಂಡ ಹೇಳಿಕೊಟ್ಟರು. ನಾನು ಕ್ಲಾಸಿನಲ್ಲಿ ಮಾಡುವ ಹಾಗೆ ಗುಂಪಿನವರಿಗೆ ಪಾಠ ಮಾಡಿದೆ. ಭಾನುವಾರ ಸೈಕಲ್ ಹೊಡೆದು ಬಂದು ಬನಶಂಕರಿಯ ದರ್ಶಿನಿ ಹೋಟೆಲಿನಲ್ಲಿ ನಿಂತು ಇಡ್ಲಿ ತಿನ್ನುವಾಗ ನನ್ನ ಉಪನ್ಯಾಸ. ಪಾಪ, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ಹೆಚ್ಚು ಗಮನ ಕೊಟ್ಟು ಕೇಳುತ್ತಿದ್ದವಳು ಸಾರಕ್ಕಿಯ ಹುಡುಗಿ. ಹುಡುಗಿ ಅಂದರೆ ಮೂವತ್ತನಾಲ್ಕು ವರ್ಷ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ದಿನಾ ಸಾರಕ್ಕಿಯಿಂದ ಬಿಟಿಎಂ ಹಾಯ್ದು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನುಗ್ಗಿ, ಫ್ಯಾಕ್ಟರಿಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದಳು. ಯಾರೋ ಬಳಸಿ ಮಾರಿದ ಸೈಕಲ್. ಒಂದು ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಚೂಡಿದಾರದಲ್ಲೇ ನಮ್ಮ ಗುಂಪನ್ನು ಹಿಂದೆ ಹಾಕಿ ಹೋದಳು. ಆಮೇಲೆ ನಾಚಿಕೊಂಡು ನಿಂತು, ಸಾರಿ ಮೇಡಂ ಅಂದಳು. ಅಂದಿನಿಂದ ನಮ್ಮವಳಾದಳು. ಅಕ್ಕ ಅನ್ನು ಅಂತ ಎಷ್ಟು ಹೇಳಿದರೂ ನನ್ನನ್ನು ಮೇಡಂ ಅನ್ನುವುದನ್ನು ಬಿಡಲಿಲ್ಲ. ನಾನು ಮಾತ್ರ ಎರಡನೇ ದಿನಕ್ಕೇ ಅವಳಿಗೆ ನೀನು ಅನ್ನಲು ಶುರು ಮಾಡಿದ್ದೆ.

ಆ ವರ್ಷ ಮೂವತ್ತು ದಾಟಿದ ಹೆಂಗಸರಿಗೆ ಜಿಲ್ಲಾ ಮಟ್ಟದ ಒಂದು ಆಯ್ಕೆ ಪಂದ್ಯ ಬಂತು. ಫಾರಂ ಫೋನಿನಲ್ಲೇ ತುಂಬಬಹುದಿತ್ತು. ನಾವೆಲ್ಲ ಅವಳಿಗೆ ತುಂಬು ತುಂಬು ಅಂತ ದುಂಬಾಲು ಬಿದ್ದೆವು. ಅವಳಿಗೆ ಆಸೆ ಇತ್ತು, ಜೊತೆಗೆ ಹೆದರಿಕೆಯೂ. ಫ್ಯಾಕ್ಟರಿಯಲ್ಲಿ ಕೆಲಸ ಜಾಸ್ತಿ ಇರುವ ಸೀಸನ್ ಹೊತ್ತಿನಲ್ಲಿ ರಜ ಕೇಳಬೇಕು, ಮನೆಯಲ್ಲಿ ಅತ್ತೆಗೆ ಹೇಳಬೇಕು, ಅಷ್ಟೆಲ್ಲ ಮಾಡಿ ಹೋಗಿ ಕೊನೆಯವಳಾಗಿ ಬಂದರೆ ತನ್ನ ಕೈಕೆಳಗೆ ಹೊಲಿಯುವ ಲೈನಿನ ಹುಡುಗಿಯರ ಮುಂದೆ ತಲೆ ಎತ್ತುವುದು ಹೇಗೆ ಅಂತ. ಒಂದು ದಿನ ನನಗೊಬ್ಬಳಿಗೇ ಹೇಳಿದಳು: "ನನ್ನ ಕಾಲಲ್ಲೇ ಒಂದ್ಸಲ ಗೆದ್ರೆ ಫಾರಂ ತುಂಬ್ತೀನಿ ಮೇಡಂ. ಇಲ್ಲಾಂದ್ರೆ ಫ್ಯಾಕ್ಟರಿಗೆ ಹೋಗಿ ಬರೋಕೆ ಇಷ್ಟು ಸಾಕು."

ಆ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೇ ನಾನು ಆ ಕೆಲಸ ಮಾಡಿದೆ.

ನಮ್ಮ ಗುಂಪು ಆ ದೊಡ್ಡ ಪಂದ್ಯಗಳ ಹಾಗೆಯೇ ಒಂದು ಪುಟ್ಟ ಪಂದ್ಯ ಇಟ್ಟುಕೊಂಡಿತ್ತು. ಮೂರು ಭಾನುವಾರ, ಮೂರು ದಾರಿ, ಸಮಯ ಕೂಡಿಸುವುದು. ಯೋಚನೆ ನನ್ನದೇ, ಬೇರೆ ಯಾರದಿರುತ್ತದೆ? ಮೊದಲೆರಡು ಭಾನುವಾರ ಸಮತಟ್ಟು ರಸ್ತೆ. ನನ್ನ ಸೈಕಲ್ ಹಗುರ, ಬೇರೆಯವರ ಬೆನ್ನ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಉಪಾಯವೂ ನನಗೆ ಗೊತ್ತು. ಎರಡೂ ದಿನ ಸೇರಿ ಎಲ್ಲರಿಗಿಂತ ಮೂರು ನಿಮಿಷ ಮುಂದಿದ್ದೆ. ಮೂರನೆಯದು ಬನ್ನೇರುಘಟ್ಟ ದಾಟಿ ಒಳಗೆ ಸಿಗುವ ಒಂದು ಏರು. ಅಲ್ಲಿ ಸೈಕಲ್ಲಿನ ದುಡ್ಡು ನಡೆಯುವುದಿಲ್ಲ, ಕಾಲು ಬೇಕು.

ಏರು ಶುರುವಾಗುವ ಹೊತ್ತಿಗೆ ನಾನು, ಅವಳು ಇಬ್ಬರೇ ಉಳಿದೆವು. ಅವಳು ಮುಂದೆ, ನಾನು ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು. ಒಂದು ಸಲವೂ ನಾನು ಮುಂದೆ ಹೋಗಲಿಲ್ಲ. ಅವಳು ಒಂದು ಸಲವೂ ಬನ್ನಿ ಅಂತ ಕರೆಯಲಿಲ್ಲ. ಅರ್ಧ ಏರಿದಾಗ ನನ್ನ ತೊಡೆ ಉರಿಯತೊಡಗಿತು. ಮುಕ್ಕಾಲಿಗೆ ಬಂದಾಗ ಬಾಯಿ ಒಣಗಿ ಕಣ್ಣು ಮಂಜಾಯಿತು. ಕಷ್ಟಪಟ್ಟು ಅವಳ ಪಕ್ಕಕ್ಕೆ ಬಂದೆ, ಒಂದು ಕೊನೆಯ ಪ್ರಯತ್ನ ಅಂತ. ಅವಳು ಸೀಟಿನಿಂದ ಎದ್ದು ನಾಲ್ಕು ಸಲ ತುಳಿದಳು, ಅಷ್ಟೆ. ನನ್ನ ಕಥೆ ಮುಗಿಯಿತು. ಇನ್ನು ಎಷ್ಟೇ ತಿಪ್ಪರಲಾಗ ಹಾಕಿದರೂ ಅವಳನ್ನು ಹಿಡಿಯುವ ಮಾತಿಲ್ಲ ಅಂತ ನನ್ನ ಒಂದೊಂದು ಮೂಳೆಗೂ ಗೊತ್ತಾಯಿತು.

ಆಗಲೇ ತಿರುವಿನಲ್ಲಿ ನನ್ನ ಗಂಡ ಕಂಡರು. ಕೈಯಲ್ಲಿ ಫೋನ್ ಹಿಡಿದು ವಿಡಿಯೊ ತೆಗೆಯುತ್ತಿದ್ದರು. ಪಕ್ಕದಲ್ಲಿ ಪಂದ್ಯಕ್ಕೆ ಇಳಿಯದ ನಮ್ಮ ಇಬ್ಬರು ಹೆಂಗಸರು. ಗಾರ್ಮೆಂಟ್ಸ್‌ನವಳ ಹಳೇ ಸೈಕಲ್ಲಿಗೆ ನಾನು ಸೋತಿದ್ದನ್ನು ಇವರೆಲ್ಲ ನೋಡುತ್ತಾರಲ್ಲ ಅನ್ನಿಸಿತು. ಹೌದು, ಹೀಗೇ ಅನ್ನಿಸಿತು, ಈ ಪದಗಳಲ್ಲೇ. ಥೂ. ಕೈ ತಾನಾಗಿ ಮೇಲೆದ್ದಿತು ಅಂತ ಹೇಳಿಕೊಳ್ಳಬಹುದು, ಆದರೆ ಅದು ತಾನಾಗಿ ಏಳಲಿಲ್ಲ, ನಾನೇ ಎತ್ತಿದೆ. ನೆಟ್ಟಗೆ ಕೂತೆ, ಹೋಗು ಅಂತ ಸನ್ನೆ ಮಾಡಿದೆ, ಉಸಿರು ಸಿಕ್ಕದಿದ್ದರೂ ಹಲ್ಲು ಕಿರಿದೆ. ಅವಳು ಒಂದು ಸಲ ತಿರುಗಿ ನೋಡಿದಳು. ಆ ಕೈಯನ್ನೂ ನಗುವನ್ನೂ ಅವಳು ನೋಡಿದಳು.

ಮೇಲೆ ಹೋದಾಗ ಚಪ್ಪಾಳೆ ಎಲ್ಲ ನನಗೇ. ಒಟ್ಟು ಸಮಯದಲ್ಲಿ ನಾನೇ ಗೆದ್ದಿದ್ದೆ, ಮೇಲಿಂದ ಈ ಔದಾರ್ಯ ಬೇರೆ. ನನ್ನ ಗಂಡನ ಕಣ್ಣು ಒದ್ದೆಯಾಗಿತ್ತು. ಟಿವಿಯಲ್ಲಿ ನೋಡೋದನ್ನ ಕಣ್ಣೆದುರಿಗೇ ಮಾಡಿಬಿಟ್ಟೆ ಕಣೇ ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಕಡಿಮೆ, ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮಧ್ಯಾಹ್ನದೊಳಗೆ ವಿಡಿಯೊ ನಮ್ಮೆಲ್ಲರ ಫೋನ್ ಗ್ರೂಪಿನಲ್ಲಿ ಓಡಾಡಿತು.

ದರ್ಶಿನಿಯಲ್ಲಿ ಕೈ ತೊಳೆಯುವ ಜಾಗದಲ್ಲಿ ಅವಳು ನನ್ನ ಪಕ್ಕ ಬಂದು ನಿಂತಳು. ಮುಖ ನೋಡದೆ, ನಲ್ಲಿ ತಿರುಗಿಸುತ್ತಾ ಕೇಳಿದಳು: "ಮೇಡಂ, ನೀವು ಬಿಟ್ಟುಕೊಟ್ರಾ?"

ಇಲ್ಲ ಕಣೇ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅವಳ ಭುಜ ತಟ್ಟಿ, "ಇರ್ಲಿ ಬಿಡೇ. ಇಡೀ ದಾರಿ ಗಾಳಿ ತಿಂದೋಳು ನೀನೇ ತಾನೇ" ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ನೋಡಿ. ಅವಳು ತಲೆಯಾಡಿಸಿ, ಥ್ಯಾಂಕ್ಸ್ ಮೇಡಂ ಅಂದು, ದುಪಟ್ಟಾದಲ್ಲಿ ಕೈ ಒರೆಸಿಕೊಂಡು ಹೋದಳು.

ಅವಳು ಫಾರಂ ತುಂಬಲಿಲ್ಲ. ಒಂದು ವಾರ ಆಯಿತು, ಎರಡಾಯಿತು. ಕೇಳಿದಾಗಲೆಲ್ಲ ಮುಂದಿನ ವರ್ಷ ನೋಡೋಣ ಮೇಡಂ ಅಂದಳು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಾ ಮಧ್ಯೆ ನಿಂತುಬಿಡುತ್ತಿದ್ದೆ. ಕಡೆಯ ದಿನಾಂಕಕ್ಕೆ ಮೂರು ದಿನ ಉಳಿದಾಗ ತಡೆಯಲಾಗದೆ ಕಾಲೇಜು ಮುಗಿಸಿ ಸಾರಕ್ಕಿಗೆ ಅವಳ ಮನೆಗೆ ಹೋದೆ. ಮಾರ್ಕೆಟ್ ಹಿಂದಿನ ಗಲ್ಲಿ, ಬಾಗಿಲಲ್ಲೇ ಸೈಕಲ್. ಅವಳಿಗೆ ಗಾಬರಿಯೂ ಸಂತೋಷವೂ ಆಗಿ, ನಾನು ಬೇಡ ಅಂದರೂ ಟೀ ಇಟ್ಟಳು. ಲೋಟ ಕೈಗೆ ಬರುವ ಮೊದಲೇ ಹೇಳಿಬಿಟ್ಟೆ. ನಾನು ಬಿಟ್ಟುಕೊಡಲಿಲ್ಲ, ನನ್ನ ಕೈಲಿ ಆಗಲಿಲ್ಲ, ಕ್ಯಾಮೆರಾ ನೋಡಿ ಕೈ ಎತ್ತಿದೆ, ಗೆದ್ದವಳು ನೀನೇ ಅಂತ.

ಅವಳು ಟೀ ಲೋಟ ನನ್ನ ಮುಂದೆ ಇಟ್ಟಳು. ಆಮೇಲೆ ನಕ್ಕಳು. ಕಣ್ಣಲ್ಲಿ ನೀರಿತ್ತು.

"ನಾನು ಫಾರಂ ತುಂಬಲಿ ಅಂತ ಹೀಗೆ ಹೇಳ್ತಿದೀರ. ನನಗೆ ಗೊತ್ತಾಗಲ್ವಾ ಮೇಡಂ?"

ಇಲ್ಲ ಕಣೇ, ದೇವರಾಣೆಗೂ ನಿಜ ಅಂದೆ. ಅವಳು ಫೋನ್ ತೆಗೆದು ಆ ವಿಡಿಯೊ ಹಾಕಿ ನನ್ನ ಮುಂದೆ ಹಿಡಿದಳು. ಅದರಲ್ಲಿ ನನ್ನ ಕೈ, ನನ್ನ ನಗು. ಸೋತವರು ಹೀಗೆ ನಗ್ತಾರಾ ಅಂತ ಕೇಳಿದಳು. ನಾನು ಎಷ್ಟು ಜೋರಾಗಿ ಇಲ್ಲ ಅಂದೆನೋ ಅವಳ ಕಣ್ಣಲ್ಲಿ ಅಷ್ಟು ದೊಡ್ಡವಳಾಗುತ್ತಾ ಹೋದೆ. ಕೊನೆಗೆ ನನ್ನ ಕೈ ಹಿಡಿದುಕೊಂಡು, "ನಿಜವಾಗ್ಲೂ ಹಂಗಾಗಿದ್ರೆ ಗ್ರೂಪಲ್ಲಿ ಎಲ್ಲರ ಮುಂದೆನೇ ಹೇಳ್ತಿದ್ರಿ. ನೀವು ಅಂಥೋರು" ಅಂದಳು.

ಆ ಕ್ಷಣವೇ ಫೋನ್ ತೆಗೆದು ಗ್ರೂಪಿನಲ್ಲಿ ಬರೆಯಬೇಕಿತ್ತು. ಎರಡು ಸಾಲು ಸಾಕಿತ್ತು. ನನಗೆ ನನ್ನ ಗಂಡನ ಒದ್ದೆ ಕಣ್ಣು ನೆನಪಾಯಿತು, ಬನಶಂಕರಿಯಲ್ಲಿ ಇಡ್ಲಿ ತಿನ್ನುವಾಗ ಎಲ್ಲರೂ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾರೋ ಅನ್ನುವ ಅಳುಕೂ ಬಂತು. ಅದಕ್ಕೆ ಬೇರೆ ದಾರಿ ಹುಡುಕಿದೆ. ಭಾನುವಾರ ನಾವಿಬ್ಬರೇ ಮತ್ತೆ ಆ ಏರಿಗೆ ಹೋಗೋಣ, ನಾನು ಪ್ರಾಣ ಹೋದರೂ ಬಿಡದೆ ತುಳಿಯುತ್ತೇನೆ, ಆಗ ನಿನಗೇ ಗೊತ್ತಾಗುತ್ತೆ ಅಂದೆ. ಆ ಭಾನುವಾರವೇ ಸಂಜೆ ಆರಕ್ಕೆ ಫಾರಂ ಮುಚ್ಚುತ್ತಿತ್ತು, ಅಷ್ಟರೊಳಗೆ ಸಾಕಷ್ಟು ಸಮಯವಿತ್ತು. ಅವಳು ಒಪ್ಪಿದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಈ ಸಲ ನಾನು ಅವಳ ಬೆನ್ನ ಹಿಂದೆ ಅಡಗಲಿಲ್ಲ, ಪಕ್ಕದಲ್ಲೇ ತುಳಿದೆ. ಯಾರೂ ನೋಡುವವರಿರಲಿಲ್ಲ. ನಾಟಕ ಮಾಡದೆ, ಇದ್ದದ್ದನ್ನೆಲ್ಲ ಸುರಿದೆ. ಅರ್ಧ ಏರುವಷ್ಟರಲ್ಲಿ ನನ್ನ ಉಸಿರು ನಾಯಿಯ ತೇಕಿನಂತಾಗಿತ್ತು. ಅವಳು ಏನೂ ಆಗದವಳ ಹಾಗೆ, ಬಾಯಿ ಮುಚ್ಚಿಕೊಂಡೇ ಹೋಗುತ್ತಿದ್ದಳು. ತಿರುವು ದಾಟಿದ ಮೇಲೆ ಒಂದು ಸೈಕಲ್ಲಿನಷ್ಟು ಮುಂದಾದಳು, ಎರಡಾಯಿತು, ಹತ್ತಾಯಿತು. ನೋಡಿದೆಯಾ, ಈಗಲಾದರೂ ಗೊತ್ತಾಯಿತಾ ಅಂತ ಕೂಗಬೇಕು ಅನ್ನಿಸಿತು. ಕೂಗಲು ಉಸಿರಿರಲಿಲ್ಲ.

ನಮ್ಮ ಪಂದ್ಯ ಮುಗಿಯುವ ಗುರುತಾಗಿದ್ದ ಮೇಲಿನ ಗಡಿಕಲ್ಲಿಗೆ ಐವತ್ತು ಅಡಿ ಇದ್ದಾಗ ಅವಳು ತುಳಿಯುವುದನ್ನು ನಿಲ್ಲಿಸಿದಳು. ರಸ್ತೆಯ ಅಂಚಿಗೆ ಸರಿದು ಒಂದು ಕಾಲು ಊರಿ ನಿಂತಳು. ನಾನು ಒದ್ದಾಡಿಕೊಂಡು ಬರುವವರೆಗೂ ಕಾದಳು. ಹತ್ತಿರ ಬಂದಾಗ, "ಹೋಗಿ ಮೇಡಂ" ಅಂದಳು. ಅವಳ ಮುಖದಲ್ಲಿ ಲೇವಡಿಯ ಒಂದು ಎಳೆಯೂ ಇರಲಿಲ್ಲ. ಋಣ ತೀರಿಸಿದವಳ ಸಮಾಧಾನ ಇತ್ತು.

ನಾನೂ ನಿಲ್ಲಬೇಕಿತ್ತು. ನಿಂತು, ಹೋಗೇ ಮುಂದೆ, ನಿನ್ನದದು ಅಂತ ಗದರಿಸಬೇಕಿತ್ತು. ನಾನು ನಿಲ್ಲಲಿಲ್ಲ. ಅವಳನ್ನು ದಾಟಿ ಹೋದೆ. ಗಡಿಕಲ್ಲು ಹಿಂದಾದಾಗ, ಬೇಡ ಅಂದರೂ, ಒಂದೇ ಒಂದು ಕ್ಷಣ ನನಗೆ ಖುಷಿಯಾಯಿತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಈ ಮಾತನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅವಳು ನಿಧಾನವಾಗಿ ಮೇಲೆ ಬಂದಳು. ಹಣೆಯ ಮೇಲೆ ಬೆವರು ಕೂಡ ಸರಿಯಾಗಿ ಮೂಡಿರಲಿಲ್ಲ.

"ಇವತ್ತೂ ನನಗೇ ಬಿಟ್ಕೊಡೋಕೆ ನೋಡಿದ್ರಿ, ನಾನು ಬಿಡಲಿಲ್ಲ. ಈಗ ಸರಿ ಹೋಯ್ತು ಮೇಡಂ. ನನ್ನ ಮನಸ್ಸಿಗೆ ನೆಮ್ಮದಿ" ಅಂದಳು.

ಫಾರಂ ಏನು ಮಾಡ್ತೀಯ ಅಂತ ಕೇಳಿದೆ. ಅದು ನಮ್ಮಂಥೋರಿಗಲ್ಲ ಬಿಡಿ ಅಂದಳು, ಬೇಸರವಿಲ್ಲದೆ. ಬಾಟಲಿಯ ನೀರನ್ನು ಮೊದಲು ನನಗೆ ಕೊಟ್ಟಳು.

ಗಂಟೆ ಎಂಟೂ ಆಗಿರಲಿಲ್ಲ. ಫಾರಂ ಮುಚ್ಚಲು ಸಂಜೆಯವರೆಗೂ ಹೊತ್ತಿತ್ತು. ನನ್ನ ಬೆನ್ನ ಜೇಬಿನಲ್ಲಿ ಫೋನ್ ಇತ್ತು, ಆ ಗುಡ್ಡದ ಮೇಲೆ ಸಿಗ್ನಲ್ ಕೂಡ ಚೆನ್ನಾಗಿ ಸಿಗುತ್ತದೆ. ನಾನು ನೀರು ಕುಡಿದು ಬಾಟಲಿ ವಾಪಸು ಕೊಟ್ಟು, ಬಿಸಿಲು ಏರುವ ಮೊದಲು ಇಳಿಯೋಣ ಬಾ ಅಂದೆ.