ನಾಲ್ಕು ಕಡ್ಡಿ ನಾಳೆಗೆ

ಬೆಳಗಿನ ಐದೂವರೆ. ಅರ್ಧ ಎತ್ತಿದ ಶಟರ್‌ನ ಒಳಗೆ, ಬೆನ್ನಿಗೆ ದಿಂಬು ಕಟ್ಟಿದ ಹಳೆಯ ಕುರ್ಚಿಯಲ್ಲಿ ಅಕ್ಕ ಕೂತಿದ್ದಾರೆ. ಎದುರಿನ ಕಬ್ಬಿಣದ ಸ್ಟ್ಯಾಂಡಿನಲ್ಲಿ ಸೈಕಲ್ಲಿನ ಚಕ್ರವೊಂದು ಗಿರ್ರನೆ ತಿರುಗುತ್ತಿದೆ. ಅದನ್ನು ನಿಲ್ಲಿಸಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಾರೆ. ಟಿಣ್, ಟಿಣ್, ಟಿಣ್, ಟೊಪ್. "ಸಿಕ್ಕಿದ ನೋಡಿ ಕಳ್ಳ!" ಸಡಿಲವಾದ ಕಡ್ಡಿಗೆ ಪುಟ್ಟ ಕೀ ಹಾಕಿ ಕಾಲು ಸುತ್ತು ತಿರುಗಿಸುತ್ತಾರೆ.

ಓಣಿಯವರಿಗೆಲ್ಲ ಅವರು ಚಕ್ರದಕ್ಕ. ವಯಸ್ಸು ನಲವತ್ತೊಂಬತ್ತು. ಸೊಟ್ಟಗಾದ ಚಕ್ರವನ್ನು ನೆಟ್ಟಗೆ ಮಾಡುವುದರಲ್ಲಿ ಎತ್ತಿದ ಕೈ. ಪಂಕ್ಚರು, ಬ್ರೇಕು, ಗಿರಾಕಿಗಳ ಗೊಣಗಾಟ ಎಲ್ಲ ತಮ್ಮನ ಪಾಲಿಗೆ. ಭಾರದ ಶಟರ್ ಎತ್ತಲು ಬರುವ ಅವನು ಆಕಳಿಸುತ್ತ ಬಾಗಿಲ ಬಳಿ ಕೂತಿದ್ದಾನೆ.

ಅಕ್ಕ ಮೊದಲು ಸೈಕಲ್ಲಿನಲ್ಲಿ ಮನೆಮನೆಗೆ ಪೇಪರ್ ಹಾಕುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಒದ್ದೆ ತಿರುವಿನಲ್ಲಿ ಜಾರಿ, ಕಲ್ಲಿನ ಅಂಚಿಗೆ ತಲೆ ಬಡಿಯಿತು. ಎರಡು ವಾರ ಆಸ್ಪತ್ರೆ. ಗಾಯ ಮಾಯಿತು, ಆದರೆ ಈಗಷ್ಟೇ ಮಾಡಿದ್ದು ಈಗಲೇ ಮರೆಯುವುದು ಉಳಿಯಿತು. ಮೂರು ವರ್ಷದ ನಂತರ ಕಾಲು ಜೋಮು ಹಿಡಿದು, ಒಂದು ಕಣ್ಣು ಮಂಜಾದಾಗ ಡಾಕ್ಟರು ಇನ್ನೊಂದು ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ಮೈಯೇ ಕೆಡಿಸಿಕೊಳ್ಳುವ ಕಾಯಿಲೆ.

ಅದಕ್ಕಿಂತ ಹೆಚ್ಚು ಕಾಡುವುದು ಅದರ ಜೊತೆ ಬಂದ ಸುಸ್ತು. ನೋಡುವವರಿಗೆ ಅದು ಕಾಣುವುದೇ ಇಲ್ಲ. 'ಚೆನ್ನಾಗೇ ಇದ್ದೀರಲ್ಲ, ನಮಗೂ ಸುಸ್ತಾಗುತ್ತಪ್ಪ' ಎನ್ನುವ ಮಹಾನುಭಾವರಿಗೇನೂ ಕೊರತೆಯಿಲ್ಲ. "ನಿಮ್ಮ ಸುಸ್ತು ಮಲಗಿದ್ರೆ ಹೋಗುತ್ತೆ. ನಂದು ನನ್ ಜೊತೇನೇ ಎದ್ದು ಹಲ್ಲುಜ್ಜುತ್ತೆ," ಎಂದು ಅಕ್ಕ ನಗುತ್ತಾರೆ.

ಬಿಸಿಲೇರಿದರೆ ಕೈಕಾಲು ಮಾತು ಕೇಳುವುದಿಲ್ಲ. ಹಾಗಾಗಿ ಕೆಲಸ ಐದೂವರೆಯಿಂದ ಒಂಬತ್ತರವರೆಗೆ ಮಾತ್ರ. ನಡುವೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ, ಒಳಗಿನ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಬೇಕು. ಹಿಂದೆ ದಿನಕ್ಕೆ ಹನ್ನೆರಡು ಚಕ್ರ, ಈಗ ನಾಲ್ಕು. ಒಂದೊಂದಕ್ಕೂ ಮೂವತ್ತಾರು ಕಡ್ಡಿ. ಎಲ್ಲಿಂದ ಶುರು ಮಾಡಿದೆ ಎಂಬುದು ಮರೆಯುವ ಕಾರಣ, ಮೊದಲ ಕಡ್ಡಿಗೆ ಕೆಂಪು ದಾರ ಕಟ್ಟುತ್ತಾರೆ. ಸುತ್ತು ಮುಗಿದ ಮೇಲಷ್ಟೇ ಅದನ್ನು ಬಿಚ್ಚುವುದು.

ಹೋದ ತಿಂಗಳು ಒಂದು ಎಡವಟ್ಟಾಯಿತು. ಎದುರು ಬೀದಿಯ ಟೀಚರಮ್ಮನ ಸೈಕಲ್ಲು. ಒಂಬತ್ತು ದಾಟಿದರೂ ಮುಗಿಸಿಯೇ ಏಳಬೇಕೆಂದು ಪಟ್ಟು ಹಿಡಿದು ಕೂತ ಅಕ್ಕನಿಗೆ ಕೊನೆಯಲ್ಲಿ, ಸುಸ್ತಿಗೆ, ಸಡಿಲ ಬಿಗಿ ಎಲ್ಲ ಕಡ್ಡಿಗಳೂ ಒಂದೇ ಥರ ಕೇಳಿಸಿದವು. ಸರಿಯಾಗಿದೆ ಎಂದುಕೊಂಡು ದಾರ ಬಿಚ್ಚಿ ಕಳಿಸಿಬಿಟ್ಟರು. ಸಂಜೆ ಟೀಚರಮ್ಮ ಸೈಕಲ್ ತಳ್ಳಿಕೊಂಡು ಬಂದರು, ಸೀರೆಯೆಲ್ಲ ಕೆಸರು. ಮುಂದಿನ ಚಕ್ರ ತೊನೆದಾಡಿ ಅವರು ಬಿದ್ದಿದ್ದರು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ.

"ಜೀವ ಬಾಯಿಗೆ ಬಂದಿತ್ತು. ನನ್ ತಲೆ ಒಡೆದಿದ್ದೂ ಸೈಕಲ್ಲಿಂದ್ಲೇ ಅಲ್ವಾ," ಎನ್ನುವಾಗ ಅಕ್ಕನ ದನಿ ಸಣ್ಣದಾಗುತ್ತದೆ.

ಅಂದಿನಿಂದ ಕಡ್ಡಿ ಬಿಗಿಸುವ ಕೀ ತಮ್ಮನ ಜೇಬಿನಲ್ಲಿ. ಬೆಳಿಗ್ಗೆ ಕೊಡುತ್ತಾನೆ, ಒಂಬತ್ತಕ್ಕೆ ಕಸಿದುಕೊಳ್ಳುತ್ತಾನೆ. ಇನ್ನೊಮ್ಮೆ ಹೀಗಾದರೆ ಅಕ್ಕ ಮನೆಯಲ್ಲೇ ಇರಬೇಕು ಎಂಬ ಮಾತೂ ಆಗಿದೆ. "ಪ್ರೀತಿಯಿಂದ್ಲೇ ಹೇಳ್ತಾನೆ. ಆದ್ರೆ ಮನೇಲಿ ಕೂತ್ರೆ ನಾನು ಬರೀ ಕಾಯಿಲೆಯವಳು. ಇಲ್ಲಿ ಚಕ್ರದಕ್ಕ," ಎನ್ನುತ್ತಾರೆ.

ಇಂದಿನ ನಾಲ್ಕನೆಯ ಚಕ್ರವೂ ಅದೇ ಟೀಚರಮ್ಮನದು, ಈ ಸಲ ಹಿಂದಿನದು. ಬೆಳಗಿನಿಂದಲೇ ಸೆಕೆ. ಎಂಟೂವರೆಗೆ ಶಾಲೆಗೆ ಹೊರಟ ಟೀಚರಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಮೂವತ್ತೆರಡು ಕಡ್ಡಿ ಮುಗಿದಿವೆ. ಅಕ್ಕ ಮುಂದಿನದನ್ನು ಮೀಟುತ್ತಾರೆ, ಮತ್ತೆ ಮೀಟುತ್ತಾರೆ. ಬಾಗಿಲ ಬಳಿಯ ತಮ್ಮ ಆಕಳಿಕೆ ಮರೆತು ನೆಟ್ಟಗೆ ಕೂರುತ್ತಾನೆ.

"ನಾಲ್ಕೇ ನಾಲ್ಕು ಉಳಿದಿರೋದು ಅಲ್ವೇನಕ್ಕಾ?" ಎನ್ನುತ್ತಾರೆ ಟೀಚರಮ್ಮ.

"ಹೌದು. ಆದ್ರೆ ಎಲ್ಲಾ ಒಂದೇ ಥರ ಕೇಳಿಸ್ತಿದೆ ಟೀಚರೇ. ಇವತ್ತು ನನ್ನಿಂದ ಆಗಲ್ಲ. ನಾಳೆ ಬನ್ನಿ."

ಟೀಚರಮ್ಮ ಗಡಿಯಾರ ನೋಡುತ್ತಾರೆ, ಚಕ್ರ ನೋಡುತ್ತಾರೆ. "ಆಯ್ತು ಬಿಡಿ, ಇವತ್ತು ನಡ್ಕೊಂಡೇ ಹೋಗ್ತೀನಿ," ಎಂದು ಬಿರಬಿರನೆ ಹೊರಡುತ್ತಾರೆ.

ಅಕ್ಕ ಇನ್ನೊಂದು ಕೆಂಪು ದಾರ ತೆಗೆದು, ನಿಲ್ಲಿಸಿದ ಜಾಗಕ್ಕೆ ಕಟ್ಟುತ್ತಾರೆ. ಬೆರಳು ಮಾತು ಕೇಳದೆ ಗಂಟು ಬೀಳಲು ಹೊತ್ತಾಗುತ್ತದೆ. ಒಂಬತ್ತಾಗಲು ಇನ್ನೂ ಕಾಲು ಗಂಟೆ ಇರುವಾಗಲೇ, ಯಾರೂ ಕೇಳದೆ, ಕೀಯನ್ನು ತಮ್ಮನತ್ತ ಚಾಚುತ್ತಾರೆ.

ತಮ್ಮ ಕೀ ತೆಗೆದುಕೊಂಡು, ದಾರದ ಗಂಟನ್ನೊಮ್ಮೆ ಮುಟ್ಟಿ ನೋಡುತ್ತಾನೆ. ಆಮೇಲೆ ಕೀಯನ್ನು ಅಕ್ಕನ ಏಪ್ರನ್ನಿನ ಜೇಬಿಗೇ ಇಳಿಬಿಡುತ್ತಾನೆ. "ನಿನ್ ಹತ್ರಾನೇ ಇರ್ಲಿ ಅಕ್ಕ. ನಾನು ಶಟರ್ ಎತ್ತೋಕೆ ಮಾತ್ರ ಬರ್ತೀನಿ."

ಅಕ್ಕ ಗೋಡೆ ಹಿಡಿದುಕೊಂಡು ಹೋಗಿ ಚಾಪೆಯ ಮೇಲೆ ಮಲಗುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಕಣ್ಣು ತೆರೆಯುವುದಿಲ್ಲ, ಕೈ ಮಾತ್ರ ಜೇಬಿನ ಮೇಲಿದೆ.

"ಆ ನಾಲ್ಕು ಕಡ್ಡಿ. ಉಳಿದ ಮೂವತ್ತೆರಡು ಸರಿಯಾಗೇ ಇವೆ, ಯಾರು ಬೇಕಾದ್ರೂ ಮೀಟಿ ನೋಡ್ಲಿ."